ಕೆಂಪು ರಂಜಕ

"ಕೆಂಪು ರಂಜಕ" ಎಂದೆ, ಬಾಟಲಿ ಎತ್ತಿ ತೋರಿಸಿ.
ಇಡೀ ತರಗತಿ ನಕ್ಕಿತು.
ನಾನು ತುಮಕೂರಿನ ಕಡೆಯವಳು,
ಶಹಾಬಾದಿಗೆ ಬಂದು ಎಂಟೇ ತಿಂಗಳು,
ಬೋರ್ಡಿನ ಮೇಲೆ ಕಾಗುಣಿತ ತಪ್ಪಿತೇ ಎಂದು ತಿರುಗಿ ನೋಡಿದೆ.
"ಇಲ್ರಿ ಮೇಡಂ," ಅಂದ ಅಟೆಂಡರ್ ಲಾಡ್ಲೇಸಾಬ,
"ಅದು ನಮ್ ಕಡಿ ಖಾರ ಅದ.
ಹಸೀ ಕೆಂಪು ಮೆಣಸಿನಕಾಯಿ ಕುಟ್ಟಿ, ಉಪ್ಪು ಲಿಂಬಿಹುಳಿ ಹಾಕಿ
ರೊಟ್ಟಿಗಿ ಹಚ್ಕೊಂಡು ತಿಂತೀವಿ.
ಇದನ್ನ ತಿಂದರ ಸೀದಾ ಖಬರಸ್ತಾನ."
ಮತ್ತೆ ನಗು.

ಹಿಂದಿನ ಬೆಂಚಿನ ಜಗದೇವಿ ಮಾತ್ರ ನಗಲಿಲ್ಲ.

ನಾನು ಬರುವ ಮೊದಲು, ಜಡೆ ಎಳೆದ ಹುಡುಗನ ಹುಬ್ಬನ್ನು
ಫರಸಿಕಲ್ಲಿನ ಚೂರಿನಿಂದ ಸೀಳಿದ್ದಳಂತೆ.
ಈಗ ಪ್ರಿನ್ಸಿಪಾಲರು ಹೇಳುತ್ತಾರೆ:
"ಎಲ್ಲಾ ತಣ್ಣಗಾಗ್ಯಾದ. ಹುಡುಗಿ ಸುಧಾರಿಸ್ಯಾಳ."

ಹೊರಗೆ ಮೂವತ್ತೇಳು ಡಿಗ್ರಿ. ಫೆಬ್ರುವರಿ ಇನ್ನೂ ಮುಗಿದಿಲ್ಲ.
ಬಿಳಿ ರಂಜಕಕ್ಕೆ ಈ ಊರಿನ ಗಾಳಿಯೇ ಬೆಂಕಿಕಡ್ಡಿ.
ಮೇ ತಿಂಗಳಲ್ಲಿ, ನಲವತ್ನಾಲ್ಕಂತೆ ಎಂದು
ನಾವು ಕುತ್ತಿಗೆ ಒರೆಸಿಕೊಳ್ಳುವ ಮಧ್ಯಾಹ್ನ,
ಅದು ನೀರೊಳಗಿದ್ದೂ ಮೇಣದಂತೆ ಕರಗೀತು.
ಅದಕ್ಕೇ ನಮ್ಮ ಬೀರುವಿನಲ್ಲಿ ಅದಿಲ್ಲ.
ಇರುವುದು ಕೆಂಪು. ಇಟ್ಟಂಗಿ ಪುಡಿಯಂಥದು.
ಕಡ್ಡಿಪೆಟ್ಟಿಗೆಯ ಮಗ್ಗುಲಿಗೆ ಬಳಿಸಿಕೊಂಡು
ಯಾರದೋ ಕಿಸೆಯಲ್ಲಿ ಬೀಡಿಯ ಪಕ್ಕ
ತೆಪ್ಪಗೆ ಮಲಗುವಂಥದು.

ಚಿಟಿಕೆಗಿಂತ ಕಡಿಮೆ, ನಳಿಗೆಯ ತಳಕ್ಕೆ.
ಒಳಗಿನ ಗಾಳಿಯನ್ನು ಹೊರಗಟ್ಟಿ, ಬಿರಡೆ ಬಿಗಿದು
ಬರ್ನರ್ ಹಚ್ಚಿದೆ.
ಕರಗುತ್ತದೆಂದು ಕಾದರು. ಕರಗಲಿಲ್ಲ.
ಕೊಂಚ ಕಪ್ಪಿಟ್ಟಿತು, ಸುಮ್ಮನಿತ್ತು,
ಸುಮ್ಮನೇ ಇತ್ತು,
ಆಮೇಲೆ ನೋಡಿದರೆ, ಇದ್ದಷ್ಟು ಇರಲಿಲ್ಲ.
ನೀರಾಗದೆ, ಹೇಳದೆ ಕೇಳದೆ ಆವಿಯಾಗಿ ಎದ್ದು
ನಳಿಗೆಯ ತಣ್ಣನೆ ಕೊರಳಲ್ಲಿ ಹೋಗಿ ಕೂತಿತ್ತು
ಚಳಿಗಾಲದ ತುಪ್ಪದ ಹಾಗೆ, ಹಳದಿ ತಾಗಿದ ಬಿಳಿ.

ಅಷ್ಟರಲ್ಲಿ ಜೆಸ್ಕಾಂನವರು ಕರೆಂಟು ತೆಗೆದರು.
ಕಿಟಕಿಗೆಲ್ಲ ರಟ್ಟು ಹೊಡೆದ ಕೋಣೆ.
ಬಿರಡೆಯ ಸಂದಿನಲ್ಲಿ ಉಸಿರಷ್ಟು ಗಾಳಿ ನುಸುಳಿರಬೇಕು,
ನಳಿಗೆಯ ಕೊರಳು ಹಸಿರಾಗಿ ಬೆಳಗಿತು.
"ಯಾ ಅಲ್ಲಾ" ಅಂದ ಲಾಡ್ಲೇಸಾಬ.
ಇಪ್ಪತ್ತಾರು ವರ್ಷ ಈ ನಳಿಗೆಗಳನ್ನು ತೊಳೆದವನು.

ಕತ್ತಲಲ್ಲೇ ಪಾಠ ಮುಂದುವರಿಸಿದೆ.
ಬಿಳಿಯಲ್ಲಿ ನಾಲ್ಕು ನಾಲ್ಕೇ ಪರಮಾಣು,
ಒಂದೇ ಕೌದಿಯೊಳಗೆ ಮುದುಡಿದ ನಾಲ್ವರು,
ಮೊಣಕೈಗೆ ಮೊಣಕಾಲು ತಾಗಿ ಸದಾ ಸಿಡಿಮಿಡಿ.
ಕೆಂಪಿನಲ್ಲಿ ಒಂದು ಹಿಡಿತ ಬಿಟ್ಟು
ಪಕ್ಕದ ಮನೆಯವರ ಕೈ ಹಿಡಿದಿರುತ್ತಾರೆ, ಅವರು ಆಚೆಯವರದು,
ಹೀಗೆ ಓಣಿಗೆ ಓಣಿ.
ಜೋರಾಗಿ ಕಾಯಿಸಿ, ಹಿಡಿದ ಕೈ ಬಿಡುತ್ತಾರೆ,
ಮತ್ತೆ ನಾಲ್ಕು ನಾಲ್ಕಾಗಿ ಓಡುತ್ತಾರೆ.

"ತಿರುಗಿ ಕೆಂಪ ಆಗಂಗಿಲ್ಲೇನ್ರಿ ಅದು?"
ಜಗದೇವಿ. ಎಂಟು ತಿಂಗಳಲ್ಲಿ ಮೊದಲ ಪ್ರಶ್ನೆ.

ಆಗುತ್ತದೆ. ಮತ್ತೆ ಕಾಯಿಸಬೇಕು.
"ಬೆಂಕಿಗಿ ಬೆಳ್ಳಗಾಗ್ಯಾದ. ಬೆಂಕಿಗೇ ಕೆಂಪಗಾ?"
ಹೌದು. ಆದರೆ ಇಷ್ಟು ಉರಿ ಬೇಡ, ಸಣ್ಣ ಉರಿ,
ಗಾಳಿ ಸೋಕದಂತೆ, ದಿನಗಟ್ಟಲೆ.
"ಭರಣಿ ಬಾಯಿ ಕಟ್ಟಿ ಇಟ್ಟಂಗ.
ನಮ್ಮವ್ವನ ರಂಜಕದ ಗತಿ."
ಯಾರೂ ನಗಲಿಲ್ಲ.
ಸ್ವಲ್ಪ ಹೊತ್ತು ಬಿಟ್ಟು, ಯಾರನ್ನೂ ಕೇಳದ ಹಾಗೆ:
"ಅಂದ್ರ ಕೆಂಪಗಾಗೂದಂದ್ರ
ಆರೂದಲ್ಲ."

ನನಗೆ ಪ್ರಿನ್ಸಿಪಾಲರ ನೆನಪಾಯಿತು.
ಅಲ್ಲ, ಎಂದೆ.

ಕರೆಂಟು ಬಂತು. ನಳಿಗೆಯನ್ನು ಮೈಲುತುತ್ತದ ನೀರಲ್ಲಿ ಮುಳುಗಿಸಿದೆವು,
ಬಿಳಿ ಮೆಲ್ಲಗೆ ಕಪ್ಪಾಯಿತು, ಗಂಟೆ ಹೊಡೆಯಿತು,
ಎಲ್ಲರೂ ಬಸ್ಸಿಗೆ ಓಡಿದರು.

ಮರುದಿನ ಕಟ್ಟೆಯ ಮೇಲೊಂದು ಸಣ್ಣ ಗಾಜಿನ ಶೀಶೆ,
ಬಾಯಿಗೆ ಬಟ್ಟೆ ಕಟ್ಟಿದೆ, ಮೈಗೆ ನೋಟುಬುಕ್ಕಿನ ಚೀಟಿ,
ದುಂಡನೆಯ ಅಕ್ಷರ:
ಕೆಂಪು ರಂಜಕ. ಕಾಯಿಸಬಾರದು.

ಲಾಡ್ಲೇಸಾಬ ಅದನ್ನು ಬೀರುವಿನಲ್ಲಿ
ಆ ಇನ್ನೊಂದರಿಂದ ಮೂರು ಖಾನೆ ದೂರ ಇಟ್ಟು
ಎರಡೆರಡು ಸಲ ನೋಡಿ, ಬೀಗ ಹಾಕಿದ.